ಬ್ಯಾಕಪ್ ಇಲ್ಲದೆ ಸರ್ವರ್ ಹೋದಾಗ ಏನು ಮಾಡಬೇಕು

ಸರ್ವರ್ ಹೋಗಿದೆ. ಬ್ಯಾಕಪ್ ಇದೆ ಅಂದುಕೊಂಡಿದ್ದಿರಿ, ತೆರೆದು ನೋಡಿದರೆ ಫೈಲ್ ಖಾಲಿ, ಇಲ್ಲವೇ ಎಂಟು ತಿಂಗಳು ಹಳೆಯದು. ಈ ಸ್ಥಿತಿಯಲ್ಲಿ ಇದನ್ನು ಓದುತ್ತಿದ್ದರೆ ಮೊದಲು ಕೀಬೋರ್ಡಿನಿಂದ ಕೈ ತೆಗೆಯಿರಿ. ಅವಘಡದಲ್ಲಿ ಬದುಕಿ ಉಳಿದ ಡೇಟಾ ಎಷ್ಟೋ ಸಲ ಅದಾದ ಮೇಲಿನ ಮೊದಲ ಗಂಟೆಯಲ್ಲಿ ಸಾಯುತ್ತದೆ. ಗಾಬರಿಯಲ್ಲಿ ರೀಬೂಟ್ ಮಾಡುತ್ತೇವೆ, ಅದೇ ಡಿಸ್ಕಿಗೆ ಹೊಸದಾಗಿ ಓಎಸ್ ಹಾಕುತ್ತೇವೆ, ರಿಕವರಿ ಸಾಫ್ಟ್‌ವೇರನ್ನೂ ಅದೇ ಡಿಸ್ಕಿಗೆ ಇಳಿಸಿಕೊಳ್ಳುತ್ತೇವೆ. ಹೀಗೆ ಬರೆದ ಒಂದೊಂದು ಫೈಲೂ ಹಳೆಯ ಡೇಟಾ ಇದ್ದ ಜಾಗವನ್ನು ತಿನ್ನುತ್ತದೆ.

ಹುಡುಕಲು ಎರಡು ಕಡೆ ಇವೆ. ಒಂದು, ಹೋದ ಡಿಸ್ಕಿನಲ್ಲಿ ಇನ್ನೂ ಉಳಿದಿರುವುದು. ಇನ್ನೊಂದು, ಸರ್ವರ್ ಬದುಕಿದ್ದಷ್ಟು ದಿನ ಹೊರಗೆ ಕಳಿಸಿದ್ದು: ಮೇಲ್‌ಗಳು, ಪುಟಗಳು, ರಿಪೋರ್ಟುಗಳು, ಡೌನ್‌ಲೋಡುಗಳು. ಹೆಚ್ಚಿನವರು ಮೊದಲನೆಯದಕ್ಕೇ ದಿನಗಟ್ಟಲೆ ಅಂಟಿಕೊಂಡು ಎರಡನೆಯದನ್ನು ಕೊನೆಗೆ ನೆನೆಯುತ್ತಾರೆ. ನನ್ನ ಪ್ರಕಾರ ಎರಡನೆಯದನ್ನೂ ಮೊದಲ ದಿನವೇ ಶುರು ಮಾಡಬೇಕು. ಹೊರಗಿರುವ ಪ್ರತಿಗಳಿಗೂ ಅವಧಿ ಇರುತ್ತದೆ. ದಿನ ಕಳೆದಷ್ಟೂ ಅವು ಅಳಿಯುತ್ತಾ ಹೋಗುತ್ತವೆ.

ನಿಮ್ಮೊಬ್ಬರಿಗೇ ಹೀಗಾಯಿತು ಎಂದು ಕುಗ್ಗಬೇಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ಎರಡನೇ ಡೇಟಾಬೇಸ್ ಸರ್ವರಿನ ಫೋಲ್ಡರ್ ಅಳಿಸಲು ಹೋಗಿ ಮುಖ್ಯ ಸರ್ವರಿನದನ್ನೇ ಅಳಿಸಿಬಿಟ್ಟರು. ಕ್ಷಣದಲ್ಲೇ ಗೊತ್ತಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಮಾತ್ರ ಉಳಿದಿತ್ತು. ದಿನಾ ತೆಗೆಯುತ್ತಿದ್ದ ಡಂಪ್, ಅಂದರೆ ಇಡೀ ಡೇಟಾಬೇಸನ್ನು ಫೈಲಾಗಿ ಬರೆದಿಟ್ಟ ಪ್ರತಿ, ಹುಡುಕಿದರೆ ಒಂದೂ ಇಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಡಂಪ್ ತೆಗೆಯುವ ಟೂಲ್ 9.2ರದ್ದು. ಅದು ಪ್ರತಿಸಲ ಎರರ್ ಕೊಟ್ಟು ನಿಲ್ಲುತ್ತಿತ್ತು, ಎರರ್ ತಿಳಿಸುವ ಮೇಲ್‌ಗಳೂ ರಿಜೆಕ್ಟ್ ಆಗುತ್ತಿದ್ದವು. ಕೊನೆಗೆ ಕಾಪಾಡಿದ್ದು ಬೇರೊಂದು ಕೆಲಸಕ್ಕೆಂದು ಸುಮಾರು ಆರು ಗಂಟೆ ಮುಂಚೆ ಕೈಯಾರೆ ತೆಗೆದಿದ್ದ ಸ್ನ್ಯಾಪ್‌ಶಾಟ್, ಅಂದರೆ ಡಿಸ್ಕಿನ ಆ ಕ್ಷಣದ ಪ್ರತಿ. ಅದರ ಪ್ರತಿ ಪರೀಕ್ಷೆಗೆಂದು ಇಟ್ಟ ಸ್ಟೇಜಿಂಗ್ ಸರ್ವರಿನಲ್ಲಿತ್ತು. ಬ್ಯಾಕಪ್ ಎಂಬ ಹೆಸರೇ ಇಲ್ಲದ ಒಂದು ಪ್ರತಿ ಎಲ್ಲೋ ಇರುತ್ತದೆ. ಈ ಲೇಖನದ ಬಹುಪಾಲು ಅದನ್ನು ಹುಡುಕುವ ಬಗ್ಗೆಯೇ.

ಉದಾಹರಣೆಗೆ ಒಂದು ಸಾಮಾನ್ಯ ಸರ್ವರನ್ನು ಇಟ್ಟುಕೊಳ್ಳೋಣ: ಲಿನಕ್ಸ್ ಓಎಸ್, ಮೈಎಸ್‌ಕ್ಯುಎಲ್ ಡೇಟಾಬೇಸ್, ಮೇಲೆ ಸೈಟ್ ನಡೆಸುವ ವರ್ಡ್‌ಪ್ರೆಸ್ ಅಥವಾ ಒಂದು ಸಣ್ಣ ಅಂಗಡಿ ಸೈಟ್. ಬೇರೆ ವ್ಯವಸ್ಥೆಗೂ ಇದೇ ದಾರಿ, ಟೂಲುಗಳ ಹೆಸರು ಬದಲಾಗುತ್ತದೆ ಅಷ್ಟೇ.

ಮೊದಲ ಗಂಟೆ

ಮೆಷಿನ್ ಇನ್ನೂ ಓಡುತ್ತಿದೆಯಾ? ಹಾಗಾದರೆ ಆಫ್ ಮಾಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಹೋಗಿದ್ದು ಅಳಿಸಿದ್ದರಿಂದಲೋ, ಡಿಸ್ಕ್ ಕೆಟ್ಟಿದ್ದರಿಂದಲೋ?

ಅಳಿಸಿದ್ದಾದರೆ, ಮೈಎಸ್‌ಕ್ಯುಎಲ್ ಇನ್ನೂ ಓಡುತ್ತಿದ್ದರೆ, ಅದನ್ನು ನಿಲ್ಲಿಸಲೇಬೇಡಿ. ಲಿನಕ್ಸಿನಲ್ಲಿ ಒಂದು ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ತೆರೆದು ಹಿಡಿದಿರುವ ಫೈಲನ್ನು ಅಳಿಸಿದರೆ ಹೆಸರು ಮಾತ್ರ ಹೋಗುತ್ತದೆ. ಆ ಪ್ರೊಸೆಸ್ ಕೈಬಿಡುವವರೆಗೆ ಒಳಗಿನ ಡೇಟಾ ಹಾಗೇ ಇರುತ್ತದೆ. ಪ್ರೊಕ್ ಫೋಲ್ಡರಿನಲ್ಲಿ ಆ ಪ್ರೊಸೆಸ್ಸಿನ ನಂಬರಿನ ಒಳಗೆ ಎಫ್‌ಡಿ ಎಂಬ ಫೋಲ್ಡರ್ ಇದೆ. ಅಲ್ಲಿ ಅಳಿಸಿದ ಒಂದೊಂದು ಫೈಲಿನ ಪಕ್ಕದಲ್ಲೂ 'ಡಿಲೀಟೆಡ್' ಎಂದು ಕಾಣುತ್ತದೆ. ಮೊದಲು ಎಲ್ಲ ಟೇಬಲ್ಲುಗಳಿಗೂ ರೀಡ್ ಲಾಕ್ ಹಾಕಿ. ಮೆಮೊರಿಯಲ್ಲಿರುವ ಬದಲಾವಣೆಗಳು ಫೈಲಿಗೆ ಬರೆದು ಮುಗಿಯುವವರೆಗೆ ಕಾಯಿರಿ. ಆಮೇಲೆ ಆ ಫೈಲುಗಳನ್ನು ಒಂದೊಂದಾಗಿ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಪೂರ್ತಿ ಡೇಟಾಬೇಸ್ ಹೀಗೆ ವಾಪಸ್ ಬರಬಹುದು. ಒಂದೇ ಒಂದು ರೀಸ್ಟಾರ್ಟ್ ಮಾಡಿದರೆ ಈ ಅವಕಾಶ ಅಲ್ಲಿಗೆ ಮುಗಿಯಿತು.

ತೆರೆದು ಹಿಡಿದವರು ಯಾರೂ ಇಲ್ಲ ಎಂದಾದರೆ ಆ ಪಾರ್ಟಿಷನ್ನನ್ನು (ಡಿಸ್ಕಿನ ಆ ಭಾಗವನ್ನು) ಅನ್‌ಮೌಂಟ್ ಮಾಡಿ, ಅಂದರೆ ಸಿಸ್ಟಮಿನಿಂದ ಬಿಡಿಸಿ, ಇಲ್ಲವೇ ಓದಲು ಮಾತ್ರ ಎಂದು ಮೌಂಟ್ ಮಾಡಿ. ಲಾಗ್ ಫೈಲುಗಳು, ಹೊತ್ತಿಗೆ ಸರಿಯಾಗಿ ತಾನೇ ಓಡುವ ಕ್ರಾನ್ ಕೆಲಸಗಳು, ಪ್ಯಾಕೇಜ್ ಅಪ್‌ಡೇಟ್‌ಗಳು ನಮಗೆ ಗೊತ್ತಿಲ್ಲದೇ ಬರೆಯುತ್ತಿರುತ್ತವೆ. ಎಸ್‌ಎಸ್‌ಡಿ ಆದರೆ ಇನ್ನೂ ಅವಸರ. ಖಾಲಿಯಾದ ಜಾಗವನ್ನು ಒರೆಸಿಡುವ ಟ್ರಿಮ್ ಎಂಬ ಕೆಲಸವನ್ನು ಉಬುಂಟು ವಾರಕ್ಕೊಮ್ಮೆ ತಾನೇ ಮಾಡುತ್ತದೆ. ಅದು ಓಡಿದ ಮೇಲೆ ಅಳಿಸಿದ ಫೈಲು ಸಿಗುವ ಆಸೆ ಇಟ್ಟುಕೊಳ್ಳುವ ಹಾಗಿಲ್ಲ.

ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಮಾತು ಬೇರೆ. ತಕ್ಷಣ ಕರೆಂಟು ತೆಗೆಯಿರಿ. ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಫ್ರೀಜರಿನಲ್ಲಿಡುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ, ಒಳಗೆ ತೇವ ಸೇರಿ ಇದ್ದದ್ದೂ ಹೋಗುತ್ತದೆ. ಅಂಥ ಡಿಸ್ಕಿನ ಜಾಗ ಡೇಟಾ ರಿಕವರಿ ಲ್ಯಾಬ್. ಅಲ್ಲಿಗೆ ಕೊಡುವ ಮುಂಚೆ ಮನೆಯಲ್ಲಿ ಏನೂ ಪ್ರಯೋಗ ಮಾಡದೇ ಇದ್ದರೆ ಅವರಿಗೂ ಕೆಲಸ ಸುಲಭ.

ಒಂದು ನೋಟ್‌ಬುಕ್ ತೆಗೆದು ಗಂಟೆ ಹಾಕಿ ಬರೆಯಲು ಶುರು ಮಾಡಿ. ಯಾವ ಕಮಾಂಡ್ ಕೊಟ್ಟಿರಿ, ಏನು ಬಂತು, ಯಾರಿಗೆ ಫೋನ್ ಮಾಡಿದಿರಿ. ರಾತ್ರಿ ಮೂರು ಗಂಟೆಗೆ ಯಾವ ಡಿಸ್ಕ್ ಯಾವುದು ಎಂದು ನೆನಪಿರುವುದಿಲ್ಲ. ಡಿಸ್ಕುಗಳ ಮೇಲೆ ಮಾರ್ಕರಿನಿಂದ ನಂಬರ್ ಹಾಕಿ, ಫೋಟೋ ತೆಗೆದಿಡಿ.

ಹೋಸ್ಟಿಂಗ್ ಕಂಪನಿಗೆ ಟಿಕೆಟ್

ಬಾಡಿಗೆ ಸರ್ವರ್ ಆದರೆ ಇದನ್ನು ಮೊದಲ ಗಂಟೆಯಲ್ಲೇ ಮಾಡಿ. ಬಿಲ್ ಕಟ್ಟದೇ ನಿಂತ ಖಾತೆಯ ಡಿಸ್ಕನ್ನು ಕಂಪನಿಗಳು ಸಾಮಾನ್ಯವಾಗಿ ಕೆಲವು ದಿನ ಹಾಗೇ ಇಟ್ಟಿರುತ್ತವೆ. ಆ ಗಡುವು ಮುಗಿಯುವ ಮುಂಚೆ ನಿಮ್ಮ ಮಾತು ಅವರಿಗೆ ತಲುಪಬೇಕು. 'ನನ್ನ ಸರ್ವರ್ ಹೋಯಿತು, ಸಹಾಯ ಮಾಡಿ' ಎಂದಷ್ಟೇ ಬರೆದರೆ ರೆಡಿಮೇಡ್ ಉತ್ತರ ಬರುತ್ತದೆ. ಬಿಡಿಸಿ ಕೇಳಿ. ಈ ನಂಬರಿನ ಸರ್ವರಿನ ಡಿಸ್ಕನ್ನು ಒರೆಸಬೇಡಿ, ಬೇರೆಯವರಿಗೆ ಕೊಡಬೇಡಿ. ನಿಮ್ಮ ಕಡೆ ಇದರ ಹಳೆಯ ಸ್ನ್ಯಾಪ್‌ಶಾಟ್ ಇದೆಯಾ? ಸರ್ವರನ್ನು ಒಂದು ಮೆಷಿನ್ನಿನಿಂದ ಇನ್ನೊಂದಕ್ಕೆ ಎಂದಾದರೂ ಸಾಗಿಸಿದ್ದೀರಾ, ಹಳೆಯ ಮೆಷಿನ್ನಿನಲ್ಲಿ ಪ್ರತಿ ಉಳಿದಿದೆಯಾ? ಡಿಸ್ಕಿನ ಪೂರ್ತಿ ಇಮೇಜ್ ಕೊಡಬಹುದಾ? ಈ ಪ್ರಶ್ನೆಗಳು ಒಳಗಿನ ಎಂಜಿನಿಯರ್ ತನಕ ಹೋಗುತ್ತವೆ.

ಅಮೆಜಾನ್ ಕ್ಲೌಡ್ ಆದರೆ ನೀವೇ ನೋಡುವುದು ಬಹಳ ಇದೆ. ಸರ್ವರನ್ನು ಟರ್ಮಿನೇಟ್ ಮಾಡಿದಾಗ ಬೂಟ್ ಡಿಸ್ಕ್ ಸಾಮಾನ್ಯವಾಗಿ ಜೊತೆಗೇ ಅಳಿಯುತ್ತದೆ. ಆದರೆ ಬೇರೆಯಾಗಿ ಸೇರಿಸಿದ ಡಿಸ್ಕುಗಳು ಹೆಚ್ಚಾಗಿ ಉಳಿದಿರುತ್ತವೆ. ವಾಲ್ಯೂಮ್ ಪಟ್ಟಿಯಲ್ಲಿ 'ಅವೇಲಬಲ್' ಎಂದು ಯಾರಿಗೂ ಬೇಡವಾಗಿ ಕೂತಿರುತ್ತವೆ. ಸ್ನ್ಯಾಪ್‌ಶಾಟ್ ಪಟ್ಟಿ ನೋಡಿ, ಸರ್ವರ್ ಇಮೇಜ್ ಪಟ್ಟಿ ನೋಡಿ. ಮೇಲ್ಗಡೆ ರೀಜನ್ ಬದಲಿಸಿ ಮತ್ತೆ ನೋಡಿ. ಮುಂಬೈನಲ್ಲಿ ಇಲ್ಲದ್ದು ಹೈದರಾಬಾದಿನಲ್ಲೋ ಸಿಂಗಪುರದಲ್ಲೋ ಇರಬಹುದು. ಎಂದೋ ಟೆಸ್ಟ್ ಮಾಡಲು ಯಾರೋ ಮಾಡಿಟ್ಟ ಕಾಪಿ ಅದು. ಪ್ರತಿ ತಿಂಗಳ ಬಿಲ್ ತೆರೆದು ಓದಿದರೆ ಇನ್ನೂ ಬೇಗ ಗೊತ್ತಾಗುತ್ತದೆ. ಯಾವ ರೀಜನ್ನಿನಲ್ಲಿ ಸ್ಟೋರೇಜಿಗೆ ಹಣ ಹೋಗುತ್ತಿದೆಯೋ ಅಲ್ಲಿ ಏನೋ ಇದೆ ಅಂತಲೇ ಅರ್ಥ ಅಲ್ವಾ?

ಡಿಸ್ಕಿನ ಪ್ರತಿ ತೆಗೆಯುವುದು

ಯಾವ ರಿಕವರಿ ಟೂಲನ್ನೂ ಮೂಲ ಡಿಸ್ಕಿನ ಮೇಲೆ ಓಡಿಸಬೇಡಿ. ಮೊದಲು ಡಿಸ್ಕಿನ ಪೂರ್ತಿ ಇಮೇಜ್ ತೆಗೆಯಿರಿ, ಆಮೇಲೆ ಕೆಲಸವೆಲ್ಲ ಇಮೇಜಿನ ಮೇಲೆ. ಇದಕ್ಕೆ ನಾನು ಸೂಚಿಸುವುದು ಗ್ನೂ ಡಿಡಿರೆಸ್ಕ್ಯೂ. ಸಾಮಾನ್ಯ ಡಿಡಿ ಕಮಾಂಡ್ ಕೆಟ್ಟ ಜಾಗ ಸಿಕ್ಕ ಕೂಡಲೇ ನಿಂತುಬಿಡುತ್ತದೆ. ಡಿಡಿರೆಸ್ಕ್ಯೂ ಅದನ್ನು ದಾಟಿ, ಸುಲಭವಾಗಿ ಓದಲು ಬರುವುದನ್ನೆಲ್ಲ ಮೊದಲು ತೆಗೆದುಕೊಂಡು, ಕಷ್ಟದ ಜಾಗಕ್ಕೆ ಆಮೇಲೆ ಬರುತ್ತದೆ. ಎಲ್ಲಿವರೆಗೆ ಓದಿದೆ ಎಂಬುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದುಕೊಳ್ಳುತ್ತದೆ. ಮಧ್ಯೆ ಕರೆಂಟು ಹೋದರೂ ನಿಂತಲ್ಲಿಂದ ಮುಂದುವರಿಯಬಹುದು. ಹಾಗಾಗಿ ಮ್ಯಾಪ್ ಫೈಲ್ ಕೊಡದೇ ಓಡಿಸಬೇಡಿ. ಮೊದಲ ಸುತ್ತಿನಲ್ಲಿ ಕೆಟ್ಟ ಜಾಗವನ್ನು ಕೆರೆಯದೇ ಬಿಡುವ ಆಯ್ಕೆ ಹಾಕಿ. ಎರಡನೇ ಸುತ್ತಿನಲ್ಲಿ ಮೂರು ಸಲ ಮರುಯತ್ನ ಎಂದು ಕೊಡಿ. ಪ್ರತಿ ಇಡುವ ಡಿಸ್ಕ್ ಮೂಲಕ್ಕಿಂತ ದೊಡ್ಡದಿರಲಿ. ಇಮೇಜಿನದೇ ಇನ್ನೊಂದು ಪ್ರತಿ ಮಾಡಿಟ್ಟುಕೊಂಡರೆ ಪ್ರಯೋಗ ಮಾಡಲು ಧೈರ್ಯ ಬರುತ್ತದೆ.

ಎಫ್‌ಎಸ್‌ಸಿಕೆ ಕಮಾಂಡ್ ಓಡಿಸುವ ಆಸೆ ಬರುತ್ತದೆ. ಅದು ಫೈಲ್ ಸಿಸ್ಟಮನ್ನು ಸರಿಹೊಂದಿಸಲು ಮಾಡಿದ ಟೂಲ್. ನಿಮ್ಮ ಡೇಟಾ ಉಳಿಸುವುದು ಅದರ ಕೆಲಸ ಅಲ್ಲ. ಹೊಂದಿಕೆಯಾಗದ್ದನ್ನು ಕಿತ್ತು ಹಾಕಿಬಿಡುತ್ತದೆ. ಇಮೇಜಿನ ಎರಡನೇ ಪ್ರತಿಯ ಮೇಲೆ ಬೇಕಾದರೆ ಓಡಿಸಿ.

ರೈಡ್ (ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ವ್ಯವಸ್ಥೆ) ಇದ್ದವರು ಇನ್ನೂ ಹುಷಾರಾಗಿರಬೇಕು. ರೈಡ್ 5ರಲ್ಲಿ ಒಂದು ಡಿಸ್ಕ್ ಹೋದರೆ ಓಡುತ್ತದೆ, ಎರಡು ಹೋದರೆ ನಿಲ್ಲುತ್ತದೆ. ಎಷ್ಟೋ ಕಡೆ ಮೊದಲ ಡಿಸ್ಕ್ ತಿಂಗಳುಗಳ ಹಿಂದೆಯೇ ಹೊರಬಿದ್ದಿರುತ್ತದೆ, ಯಾರೂ ನೋಡಿರುವುದಿಲ್ಲ. ಎರಡನೆಯದು ಹೋದ ದಿನ ಎರಡನ್ನೂ ಮತ್ತೆ ಸೇರಿಸಿ ರೀಬಿಲ್ಡ್ ಕೊಟ್ಟರೆ ಹಳೆಯ ಡೇಟಾ ಹೊಸದರ ಮೇಲೆ ಕೂರುತ್ತದೆ. ಹಾಗಾಗಿ ರೀಬಿಲ್ಡ್ ಒತ್ತಬೇಡಿ. ಲಿನಕ್ಸಿನ ರೈಡ್ ಟೂಲ್ ಎಂಡಿಅಡ್ಮ್‌ನಲ್ಲಿ ಹೊಸದಾಗಿ ಕ್ರಿಯೇಟ್ ಮಾಡಬೇಡಿ. ಎಕ್ಸಾಮಿನ್ ಎಂಬ ಆಯ್ಕೆಯಿಂದ ಒಂದೊಂದು ಡಿಸ್ಕಿನ ಮಾಹಿತಿಯನ್ನೂ ಓದಿ, ಅಲ್ಲಿರುವ ಇವೆಂಟ್ ಸಂಖ್ಯೆ ಬರೆದುಕೊಳ್ಳಿ. ಸಂಖ್ಯೆ ಹತ್ತಿರ ಹತ್ತಿರ ಇರುವ ಡಿಸ್ಕುಗಳು ಒಂದೇ ಕಾಲದವು. ಬಹಳ ಹಿಂದುಳಿದದ್ದು ಮೊದಲೇ ಹೊರಬಿದ್ದದ್ದು, ಅದನ್ನು ಪಕ್ಕಕ್ಕಿಡಿ. ಎಲ್ಲ ಡಿಸ್ಕಿನ ಇಮೇಜ್ ಆದ ಮೇಲೆ, ಇಮೇಜುಗಳಿಂದಲೇ ಜೋಡಿಸಿ ನೋಡಿ.

ಫೈಲುಗಳನ್ನು ಎಬ್ಬಿಸುವುದು

ಡಿಸ್ಕಿನ ಭಾಗಗಳ ಪಟ್ಟಿಯಾದ ಪಾರ್ಟಿಷನ್ ಟೇಬಲ್ ಮಾತ್ರ ಹೋಗಿದ್ದರೆ ಟೆಸ್ಟ್‌ಡಿಸ್ಕ್ ಅದನ್ನು ಹುಡುಕಿ ತೋರಿಸುತ್ತದೆ. ಫೈಲುಗಳು ಹೆಸರಿನ ಸಮೇತ ಬರುತ್ತವೆ, ಅದು ಅದೃಷ್ಟದ ಕೇಸು. ಅಳಿಸಿದ ಫೈಲುಗಳಿಗೆ ಲಿನಕ್ಸಿನ ಎಕ್ಸ್‌ಟಿ4 ಫೈಲ್ ಸಿಸ್ಟಮಿನಲ್ಲಿ ಕಷ್ಟ ಜಾಸ್ತಿ. ಫೈಲಿನ ತುಂಡುಗಳು ಎಲ್ಲೆಲ್ಲಿವೆ ಎಂಬ ಲೆಕ್ಕವನ್ನೂ ಅದು ಅಳಿಸುವಾಗ ಒರೆಸಿಬಿಡುತ್ತದೆ. ಬದಲಾವಣೆ ಬರೆದಿಡುವ ಜರ್ನಲ್‌ನಲ್ಲಿ ಆ ಲೆಕ್ಕದ ಹಳೆಯ ಪ್ರತಿ ಉಳಿದಿದ್ದರೆ ಎಕ್ಸ್‌ಟ್‌ಅನ್‌ಡಿಲೀಟ್ ತರಹದ ಟೂಲ್ ಕೆಲಸ ಮಾಡುತ್ತದೆ. ಕೊನೆಗೆ ಫೋಟೋರೆಕ್. ಇದು ಫೈಲಿನ ಆಕಾರ ನೋಡಿ ಹೆಕ್ಕುತ್ತದೆ. ಚಿತ್ರ, ಪಿಡಿಎಫ್, ಜಿಪ್ ಚೆನ್ನಾಗಿ ಸಿಗುತ್ತವೆ. ಆದರೆ ಹೆಸರೂ ಇಲ್ಲ, ಫೋಲ್ಡರೂ ಇಲ್ಲ. ಸಾವಿರಾರು ಫೈಲುಗಳ ರಾಶಿ ಸಿಗುತ್ತದೆ. ಜಿಪ್ ಮತ್ತು ಜಿಜಿಪ್ ಫೈಲುಗಳನ್ನು ಮೊದಲು ತೆರೆಯಿರಿ. ಯಾರೋ ಎಂದೋ ತೆಗೆದು ಅಳಿಸಿದ್ದ ಡಂಪ್ ಅಲ್ಲಿ ಇರಬಹುದು.

ಮೈಎಸ್‌ಕ್ಯುಎಲ್ ಫೈಲುಗಳು ಸಿಕ್ಕಿ ಸರ್ವರ್ ಮಾತ್ರ ಏಳುತ್ತಿಲ್ಲ ಎಂದರೆ ಇನ್ನೋಡಿಬಿ ಫೋರ್ಸ್ ರಿಕವರಿ ಎಂಬ ಸೆಟ್ಟಿಂಗ್ ಇದೆ. ಇನ್ನೋಡಿಬಿ ಎಂದರೆ ಮೈಎಸ್‌ಕ್ಯುಎಲ್‌ನಲ್ಲಿ ಡೇಟಾ ಬರೆದಿಡುವ ಭಾಗ. ಸೆಟ್ಟಿಂಗ್ 1ರಿಂದ 6ರವರೆಗೆ. 1 ಕೊಟ್ಟು ನೋಡಿ, ಏಳದಿದ್ದರೆ 2, ಆಮೇಲೆ 3. 4 ಮತ್ತು ಅದರ ಮೇಲಿನವು ಡೇಟಾ ಫೈಲನ್ನು ಶಾಶ್ವತವಾಗಿ ಕೆಡಿಸಬಲ್ಲವು, ಆ ಹಂತಕ್ಕೆ ಹೋಗುವುದಾದರೆ ಪ್ರತಿಯ ಮೇಲೆ ಮಾತ್ರ. ಎದ್ದ ಕೂಡಲೇ ಟೇಬಲ್ ಟೇಬಲ್ ಆಗಿ ಡಂಪ್ ತೆಗೆಯಿರಿ. ಒಂದು ಟೇಬಲ್ ಕೈಕೊಟ್ಟರೆ ಅದನ್ನು ಬಿಟ್ಟು ಮುಂದೆ ಹೋಗಿ. ಈ ಸ್ಥಿತಿಯಲ್ಲಿ ಸೈಟನ್ನು ಓಡಿಸಬೇಡಿ. ಡಂಪ್ ತೆಗೆದು ಹೊಸ ಮೈಎಸ್‌ಕ್ಯುಎಲ್‌ಗೆ ತುಂಬಿಸಿ.

ಬರೀ ಐಬಿಡಿ ಫೈಲುಗಳು (ಒಂದೊಂದು ಟೇಬಲ್ಲಿನ ಡೇಟಾ ಇರುವವು) ಸಿಕ್ಕಿವೆಯಾ? ಅದೂ ಸಾಕಾಗಬಹುದು. ಅದೇ ಆವೃತ್ತಿಯ ಹೊಸ ಮೈಎಸ್‌ಕ್ಯುಎಲ್‌ನಲ್ಲಿ ಅದೇ ರಚನೆಯ ಖಾಲಿ ಟೇಬಲ್ ಮಾಡಿ. ಅದರ ಟೇಬಲ್‌ಸ್ಪೇಸ್ (ಖಾಲಿ ಐಬಿಡಿ ಫೈಲು) ಡಿಸ್ಕಾರ್ಡ್ ಮಾಡಿ, ಹಳೆಯ ಐಬಿಡಿ ಫೈಲನ್ನು ಆ ಜಾಗದಲ್ಲಿಟ್ಟು ಇಂಪೋರ್ಟ್ ಕೊಡಿ. ವರ್ಡ್‌ಪ್ರೆಸ್ ಟೇಬಲ್ಲುಗಳ ರಚನೆ ಎಲ್ಲರಿಗೂ ಒಂದೇ, ಹೊಸದಾಗಿ ವರ್ಡ್‌ಪ್ರೆಸ್ ಹಾಕಿದರೆ ಖಾಲಿ ಟೇಬಲ್ಲುಗಳು ಸಿದ್ಧ. ನಿಮ್ಮದೇ ಸಾಫ್ಟ್‌ವೇರಾದರೆ ಕೋಡಿನಲ್ಲಿ ರಚನೆ ಇರುತ್ತದೆ. ಮೈಎಸ್‌ಕ್ಯುಎಲ್ 8ರಲ್ಲಿ ರಚನೆಯ ವಿವರ ಐಬಿಡಿ ಫೈಲಿನ ಒಳಗೇ ಇದೆ, ಅದನ್ನು ತೆಗೆಯುವ ಟೂಲ್ ಮೈಎಸ್‌ಕ್ಯುಎಲ್ ಜೊತೆಗೇ ಬರುತ್ತದೆ. ಇನ್ನೊಂದು ಮರೆಯಬಾರದ್ದು ಬಿನ್‌ಲಾಗ್, ಅಂದರೆ ಡೇಟಾಬೇಸಿನ ಬದಲಾವಣೆಗಳ ದಾಖಲೆ. 8ರಲ್ಲಿ ಅದು ಮೊದಲಿನಿಂದಲೇ ಆನ್, 30 ದಿನದ ಬದಲಾವಣೆ ಇಟ್ಟುಕೊಂಡಿರುತ್ತದೆ. ಆ 30 ದಿನದೊಳಗಿನ ಒಂದು ಹಳೆಯ ಡಂಪ್ ಸಿಕ್ಕರೆ ಅದರ ಮೇಲೆ ಬಿನ್‌ಲಾಗ್ ಓಡಿಸಿ ನಿನ್ನೆಯವರೆಗೆ ಬರಬಹುದು.

ಕನ್ನಡ ಪಠ್ಯವನ್ನು ಡಿಸ್ಕಿನಲ್ಲೇ ಹುಡುಕುವುದು

ಫೈಲುಗಳು ಯಾವ ರೂಪದಲ್ಲೂ ಸಿಗಲಿಲ್ಲ ಎಂದುಕೊಳ್ಳಿ. ಆಗಲೂ ಬರಹ ಸಿಗಬಹುದು, ಅದರಲ್ಲೂ ಕನ್ನಡ ಬರಹ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತವೂ 3 ಬೈಟ್. ಹದಿನಾರರ (ಹೆಕ್ಸ್) ಲೆಕ್ಕದಲ್ಲಿ ಮೊದಲ ಬೈಟ್ ಯಾವಾಗಲೂ 'ಇ0', ಎರಡನೆಯದು 'ಬಿ2' ಇಲ್ಲವೇ 'ಬಿ3'. 'ಕ' ಅಂದರೆ 'ಇ0 ಬಿ2 95'. 'ಕ್ಷ' ಎಂಬಲ್ಲಿ ಮೂರು ಸಂಕೇತ ಇವೆ, 9 ಬೈಟ್. ಚಿತ್ರದ ಫೈಲಿನಲ್ಲೋ ಪ್ರೋಗ್ರಾಂ ಫೈಲಿನಲ್ಲೋ ಇಂಥ ಜೋಡಿ ಒಂದರ ಹಿಂದೆ ಒಂದು ಸಾಲಾಗಿ ಬರುವುದು ಇಲ್ಲವೆಂದೇ ಹೇಳಬಹುದು. ಇಂಗ್ಲಿಷ್ ಪದ ಹುಡುಕಿದರೆ ಇಡೀ ಓಎಸ್ಸಿನ ಮ್ಯಾನುಯಲ್, ಲಾಗ್ ಎಲ್ಲ ಬಂದು ಬೀಳುತ್ತವೆ. ಕನ್ನಡ ಹುಡುಕಿದರೆ ನಿಮ್ಮ ಬರಹವೇ ಬರುವುದು ಜಾಸ್ತಿ. ಈ ಅನುಕೂಲವನ್ನು ಪೂರ್ತಿ ಬಳಸಿಕೊಳ್ಳಿ.

ಪದ ಹುಡುಕುವ ಗ್ರೆಪ್ ಕಮಾಂಡಿಗೆ ಇಮೇಜ್ ಫೈಲನ್ನೇ ಕೊಡಿ. ಬೈನರಿಯನ್ನೂ ಪಠ್ಯದ ಹಾಗೆ ಓದು, ಸಿಕ್ಕ ಜಾಗದ ಬೈಟ್ ನಂಬರ್ ಹೇಳು ಎಂಬ ಎರಡು ಆಯ್ಕೆ ಹಾಕಿ. ಹುಡುಕುವ ಪದ ಕನ್ನಡದಲ್ಲೇ ಟೈಪ್ ಮಾಡಿ. ನಿಮ್ಮ ಸೈಟಿನಲ್ಲಿ ಮಾತ್ರ ಬರುವಂಥ ಪದ ಆರಿಸಿ, ಊರಿನ ಹೆಸರೋ ಅಂಕಣದ ಹೆಸರೋ. ಸಿಕ್ಕ ನಂಬರಿನ ಹಿಂದೆ ಮುಂದೆ ಒಂದಷ್ಟು ಕೆಬಿಯನ್ನು ಡಿಡಿಯಿಂದ ಕತ್ತರಿಸಿ ತೆಗೆಯಿರಿ.

ಇನ್ನೋಡಿಬಿ ಡೇಟಾವನ್ನು 16 ಕೆಬಿ ಪುಟಗಳಲ್ಲಿ ಇಡುತ್ತದೆ. ಕನ್ನಡ ಲೆಕ್ಕದಲ್ಲಿ ಅದು ಐದು ಸಾವಿರ ಚಿಲ್ಲರೆ ಸಂಕೇತ. ಹಾಗಾಗಿ ಉದ್ದದ ಲೇಖನ ಮಧ್ಯದಲ್ಲಿ ಕಡಿದು, ಮುಂದಿನ ಭಾಗ ಬೇರೆಲ್ಲೋ ಇರುತ್ತದೆ. ಕಡಿದ ಜಾಗದ ಕೊನೆಯ ವಾಕ್ಯ ನೋಡಿದರೆ ಬರೆದವರಿಗೆ ಮುಂದಿನದು ಹೇಗೆ ಶುರುವಾಗುತ್ತದೆ ಎಂದು ನೆನಪಾಗುತ್ತದೆ. ಆ ಪದ ಹುಡುಕಿ. ವರ್ಡ್‌ಪ್ರೆಸ್ ಪ್ರತಿ ತಿದ್ದುಪಡಿಗೂ ಹಳೆಯ ಪ್ರತಿಯನ್ನು ಬೇರೆ ಸಾಲಾಗಿ ಇಟ್ಟಿರುತ್ತದೆ. ಒಂದೇ ಲೇಖನ ಡಿಸ್ಕಿನಲ್ಲಿ ನಾಲ್ಕೈದು ಕಡೆ ಸಿಗುವುದುಂಟು. ಒಂದರಲ್ಲಿ ಹರಿದದ್ದು ಇನ್ನೊಂದರಲ್ಲಿ ಪೂರ್ತಿ ಇರಬಹುದು.

ಸಿಕ್ಕ ಪಠ್ಯ ವಿಚಿತ್ರ ಅಕ್ಷರಗಳಾಗಿ ಕಂಡರೆ ಎಸೆಯಬೇಡಿ. ಹಳೆಯ ಮೈಎಸ್‌ಕ್ಯುಎಲ್ ಟೇಬಲ್ಲುಗಳು ಲ್ಯಾಟಿನ್1 (ಯುರೋಪಿನ ಭಾಷೆಗಳ ಅಕ್ಷರ ಪದ್ಧತಿ) ಎಂದು ಹೆಸರು ಹೊತ್ತು ಒಳಗೆ ಯುಟಿಎಫ್-8 ಕನ್ನಡ ಇಟ್ಟುಕೊಂಡಿರುತ್ತವೆ. ಸಾಮಾನ್ಯ ರೀತಿಯಲ್ಲಿ ಡಂಪ್ ತೆಗೆದರೆ ಅದು ಎರಡು ಸಲ ಬದಲಾಗಿ ಗೋಜಲಾಗುತ್ತದೆ. ಲ್ಯಾಟಿನ್1 ಎಂದೇ ಹೇಳಿ ಡಂಪ್ ತೆಗೆಯಿರಿ. ಡಂಪ್ ಫೈಲಿನ ಒಳಗೆ ಲ್ಯಾಟಿನ್1 ಎಂದಿರುವಲ್ಲಿ ಯುಟಿಎಫ್8ಎಂಬಿ4 ಎಂದು ಬದಲಿಸಿ ಹೊಸದಕ್ಕೆ ತುಂಬಿಸಿ. ಕನ್ನಡ ವಾಪಸ್ ಬರುತ್ತದೆ. ಅಕ್ಷರದ ಜಾಗದಲ್ಲಿ ಬರೀ ಪ್ರಶ್ನೆಚಿಹ್ನೆಗಳ ಸಾಲು ಇದ್ದರೆ ಮಾತ್ರ ಅದು ಹೋದ ಹಾಗೆ. ಆ ಪ್ರತಿ ಬಿಟ್ಟು ಬೇರೆ ಹುಡುಕಿ. ಇನ್ನೂ ಹಳೆಯ ಲೇಖನ 'ನುಡಿ' ಅಥವಾ 'ಬರಹ' ತಂತ್ರಾಂಶದ ಆಸ್ಕಿ ಫಾಂಟಿನಲ್ಲಿದ್ದರೆ ಈ ಬೈಟ್ ಹುಡುಕಾಟಕ್ಕೆ ಸಿಗುವುದಿಲ್ಲ. ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರದ ಹಾಗೆ ಕಾಣುತ್ತದೆ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಮೂಲವನ್ನು ಉಳಿಸಿಕೊಂಡು ಆಮೇಲೆ ಬದಲಿಸಿ.

ಹೊರಗೆ ಹೋದದ್ದನ್ನು ವಾಪಸ್ ತರುವುದು

ಡಿಸ್ಕಿನ ಇಮೇಜ್ ತೆಗೆಯಲು ಗಂಟೆಗಳು, ಕೆಲವೊಮ್ಮೆ ದಿನಗಳು ಬೇಕು. ಆ ಹೊತ್ತಿನಲ್ಲಿ ಈ ಕೆಲಸ ಮಾಡಿ.

ಮೊದಲು ಏನೇನಿತ್ತು ಎಂಬ ಪಟ್ಟಿ. ಗೂಗಲ್ ಸರ್ಚ್ ಕನ್ಸೋಲ್ ಇದ್ದರೆ ಅದರಲ್ಲಿ ಪುಟಗಳ ವಿಳಾಸ ಇಳಿಸಿಕೊಳ್ಳಬಹುದು. ಅನಲಿಟಿಕ್ಸ್ ಇದ್ದರೆ ಯಾವ ಪುಟಕ್ಕೆ ಜನ ಜಾಸ್ತಿ ಬರುತ್ತಿದ್ದರು ಎಂದೂ ಗೊತ್ತಾಗುತ್ತದೆ. ಆ ಕ್ರಮದಲ್ಲೇ ಹುಡುಕಿ. ಒಂದು ಸ್ಪ್ರೆಡ್‌ಶೀಟಿನಲ್ಲಿ ಪುಟದ ವಿಳಾಸ, ಸಿಕ್ಕಿತೇ, ಎಲ್ಲಿ ಸಿಕ್ಕಿತು, ಚಿತ್ರ ಇದೆಯೇ ಎಂಬ ಕಾಲಂ ಹಾಕಿಕೊಳ್ಳಿ. ಯಾವ ಯಾವ ಸಬ್‌ಡೊಮೇನ್ ಇದ್ದವು ಎಂದೇ ಮರೆತಿದ್ದರೆ ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಲಾಗ್ ನೋಡಿ. ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಕೊಡುವಾಗ ದಾಖಲಾದ ಹೆಸರುಗಳು ಅಲ್ಲಿ ಎಲ್ಲರೂ ನೋಡುವ ಹಾಗೆ ಇರುತ್ತವೆ.

ಆಮೇಲೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್. 1996ರಿಂದ ಪುಟಗಳನ್ನು ಕೂಡಿಡುತ್ತಿರುವ ಸಂಸ್ಥೆ ಇದು. ಸುಮ್ನೆ ಬ್ರೌಸರಿನಲ್ಲಿ ಸೇವ್ ಮಾಡಿದರೆ ಅವರ ಮೇಲ್ಪಟ್ಟಿ, ಬದಲಾದ ಕೊಂಡಿಗಳು ಎಲ್ಲ ಸೇರಿ ಬರುತ್ತವೆ. ವಿಳಾಸದಲ್ಲಿ 14 ಅಂಕಿಯ ಸಮಯದ ನಂಬರ್ ಇರುತ್ತದೆ. ಅದರ ಬೆನ್ನಿಗೇ, ಮಧ್ಯೆ ಜಾಗ ಬಿಡದೆ, ಐ ಮತ್ತು ಡಿ ಎಂಬ ಎರಡು ಸಣ್ಣ ಇಂಗ್ಲಿಷ್ ಅಕ್ಷರ, ಒಂದು ಅಂಡರ್‌ಸ್ಕೋರ್ ಸೇರಿಸಿ. ನಿಮ್ಮ ಸರ್ವರ್ ಅಂದು ಕೊಟ್ಟಿದ್ದ ಮೂಲ ಪುಟ ಹಾಗೇ ಸಿಗುತ್ತದೆ. ನಿಮ್ಮ ಡೊಮೇನಿನಲ್ಲಿ ಸಿಕ್ಕಿರುವ ಎಲ್ಲ ಪುಟಗಳ ಪಟ್ಟಿ ಕೊಡುವ ಸಿಡಿಎಕ್ಸ್ ಎಂಬ ಸೇವೆಯೂ ಅವರಲ್ಲಿದೆ. ನಿಧಾನವಾಗಿ, ಒಂದೊಂದೇ ಕೇಳಿ. ಒಂದೇ ಸಲ ನುಗ್ಗಿದರೆ ತಡೆಯುತ್ತಾರೆ. ಮುಖಪುಟದ, ವರ್ಗಗಳ ಪುಟದ ಪ್ರತಿಗಳನ್ನೂ ಬಿಡಬೇಡಿ, ಲೇಖನ ಸಿಗದಿದ್ದರೂ ಅದರ ತಲೆಬರಹ ಮತ್ತು ತಾರೀಕು ಅಲ್ಲಿ ಸಿಗುತ್ತದೆ. ಗೂಗಲ್ ಕ್ಯಾಶ್ (ಗೂಗಲ್ ಇಟ್ಟುಕೊಳ್ಳುತ್ತಿದ್ದ ಪುಟಗಳ ಪ್ರತಿ) ನೋಡಿ ಎಂದು ಹಳೆಯ ಲೇಖನಗಳು ಹೇಳುತ್ತವೆ. ಗೂಗಲ್ ಅದನ್ನು 2024ರಲ್ಲಿ ತೆಗೆದುಬಿಟ್ಟಿತು. ಕಾಮನ್ ಕ್ರಾಲ್ ಎಂಬ ಸಂಸ್ಥೆಯ ಸಂಗ್ರಹದಲ್ಲಿ ನಿಮ್ಮ ಡೊಮೇನ್ ಹುಡುಕಿ ನೋಡಿ.

ಪ್ರೋಗ್ರಾಮರ್ ಜೆಫ್ ಆಟ್‌ವುಡ್ 2009ರ ಡಿಸೆಂಬರಿನಲ್ಲಿ ತಮ್ಮ ಸೈಟನ್ನು ಹೀಗೇ ಕಳೆದುಕೊಂಡಿದ್ದರು. ಅವರ ಸ್ವಂತ ಬ್ಯಾಕಪ್ ಇದ್ದದ್ದು ಹೋದ ಸರ್ವರಿನ ಒಳಗೇ. ಹೋಸ್ಟಿಂಗ್ ಕಡೆಯ ಬ್ಯಾಕಪ್ ಯಾರಿಗೂ ಗೊತ್ತಾಗದೆ ಕೆಟ್ಟಿತ್ತು. ಬರಹಗಳನ್ನು ಸರ್ಚ್ ಎಂಜಿನ್ ಕ್ಯಾಶ್ ಮತ್ತು ಆರ್ಕೈವ್‌ನಿಂದ ಹೆಕ್ಕಿದರು. ಕಷ್ಟವಾದದ್ದು ಚಿತ್ರಗಳು. ಕೊನೆಗೆ ಓದುಗರೊಬ್ಬರ ಕಂಪ್ಯೂಟರಿನಲ್ಲಿ ಸೈಟಿನ ಹೆಚ್ಚುಕಡಿಮೆ ಪೂರ್ತಿ ಪ್ರತಿ ಸಿಕ್ಕಿತು. ಓದುಗರನ್ನು ಕೇಳಲು ಸಂಕೋಚ ಬೇಡ. ನಿಮ್ಮ ಬರಹ ಇಷ್ಟಪಟ್ಟು ಪಿಡಿಎಫ್ ಮಾಡಿಟ್ಟುಕೊಂಡವರು, ವಾಟ್ಸಾಪ್ ಗುಂಪಿನಲ್ಲಿ ಪೂರ್ತಿ ಪಠ್ಯ ಹಾಕಿದವರು ಇರುತ್ತಾರೆ. ಕೇಳಿದರೆ ಖುಷಿಯಿಂದ ಕೊಡುತ್ತಾರೆ.

ಚಿತ್ರಗಳಿಗೆ ಇನ್ನೊಂದು ದಾರಿ. ವರ್ಡ್‌ಪ್ರೆಸ್ ಒಂದು ಚಿತ್ರಕ್ಕೆ ಹಲವು ಅಳತೆಯ ಪ್ರತಿ ಮಾಡಿಡುತ್ತದೆ, ಹೆಸರಿನ ಕೊನೆಯಲ್ಲಿ ಅಗಲ ಎತ್ತರ ಬರೆದಿರುತ್ತದೆ. ದೊಡ್ಡದು ಸಿಗದಿದ್ದರೆ ಸಣ್ಣದರ ಹೆಸರಿನಿಂದ ಹುಡುಕಿ. ಮೂಲ ಫೋಟೋ ತೆಗೆದವರ ಫೋನಿನಲ್ಲೇ ಇರುವುದೂ ಉಂಟು.

ಎಲ್ಲಕ್ಕಿಂತ ಶ್ರೀಮಂತ ಜಾಗ ನಿಮ್ಮ ಮೇಲ್‌ಬಾಕ್ಸ್. ವರ್ಡ್‌ಪ್ರೆಸ್ ಪ್ರತಿ ಹೊಸ ಕಾಮೆಂಟಿಗೂ ಲೇಖಕರಿಗೆ ಮೇಲ್ ಕಳಿಸುತ್ತದೆ. ಕಾಮೆಂಟಿನ ಪೂರ್ತಿ ಪಠ್ಯ, ಬರೆದವರ ಹೆಸರು, ಯಾವ ಲೇಖನಕ್ಕೆ ಎಂಬುದೆಲ್ಲ ಅದರಲ್ಲಿದೆ. ಅಂಗಡಿ ಸೈಟಾದರೆ ಪ್ರತಿ ಆರ್ಡರಿಗೂ ಒಂದು ಮೇಲ್, ಅದರಲ್ಲಿ ಸಾಮಾನು, ಬೆಲೆ, ವಿಳಾಸ, ಆರ್ಡರ್ ನಂಬರ್. ಸ್ಪ್ಯಾಮ್, ಟ್ರ್ಯಾಶ್ ಫೋಲ್ಡರ್ ಮೊದಲು ನೋಡಿ. ಜಿಮೇಲ್‌ನಲ್ಲಿ ಅವು 30 ದಿನಕ್ಕೆ ಖಾಲಿಯಾಗುತ್ತವೆ. ಮೇಲ್‌ಗಳನ್ನೆಲ್ಲ ಒಂದು ಫೈಲಾಗಿ ಇಳಿಸಿಕೊಂಡು ಸಣ್ಣ ಸ್ಕ್ರಿಪ್ಟಿನಿಂದ ಸಾಲು ಸಾಲಾಗಿ ಬಿಡಿಸಿದರೆ ಆರ್ಡರ್ ಟೇಬಲ್ಲೇ ಮತ್ತೆ ಎದ್ದು ಬರುತ್ತದೆ. ಅದನ್ನು ಪೇಮೆಂಟ್ ಗೇಟ್‌ವೇಯ ಪಟ್ಟಿಯ ಜೊತೆ ತಾಳೆ ನೋಡಿ, ಹಣ ಬಂದದ್ದರ ಲೆಕ್ಕ ಅಲ್ಲಿ ಬೇರೆಯಾಗಿ ಇರುತ್ತದೆ. ಕೊರಿಯರ್ ಕಂಪನಿಯ ಖಾತೆಯಲ್ಲಿ ಗಿರಾಕಿಗಳ ವಿಳಾಸ ಇದೆ. ಸಲ್ಲಿಸಿದ ಜಿಎಸ್‌ಟಿ ರಿಟರ್ನ್‌ಗಳು ಪೋರ್ಟಲ್ಲಿನಲ್ಲಿವೆ, ವ್ಯಾಪಾರಿ ಗಿರಾಕಿಗಳಿಗೆ ಕೊಟ್ಟ ಬಿಲ್ ನಂಬರುಗಳು ಜಿಎಸ್‌ಟಿಆರ್-1ರಲ್ಲಿ ಸಿಗುತ್ತವೆ. ಆಡಿಟರ್ ಕಚೇರಿಗೆ ವರ್ಷಕ್ಕೊಮ್ಮೆ ಪೆನ್‌ಡ್ರೈವಿನಲ್ಲಿ ಕೊಟ್ಟ ಟ್ಯಾಲಿ ಡೇಟಾ ನೆನಪಿದೆಯಾ? ಒಂದು ಫೋನ್ ಮಾಡಿ.

ಕೋಡ್ ಬಗ್ಗೆ ಅಷ್ಟು ಚಿಂತೆ ಬೇಡ. ಕೋಡಿನ ಬದಲಾವಣೆ ಕಾಯ್ದಿಡುವ ಗಿಟ್ ಬಳಸಿದ್ದರೆ ಕ್ಲೋನ್ ಮಾಡಿಕೊಂಡ ಯಾರ ಲ್ಯಾಪ್‌ಟಾಪಿನಲ್ಲಾದರೂ ಇತಿಹಾಸದ ಸಮೇತ ಇರುತ್ತದೆ. ಕೆಲಸ ಬಿಟ್ಟು ಹೋದವರನ್ನೂ ಕೇಳಿ. ಅವರ ಹತ್ತಿರ ಟೆಸ್ಟಿಗೆಂದು ಇಳಿಸಿಕೊಂಡ ಡೇಟಾಬೇಸ್ ಇದ್ದರೆ ಅದೂ ಬೇಕು.

ರ್‍ಯಾನ್ಸಮ್‌ವೇರ್ ಆಗಿದ್ದರೆ

ಫೈಲುಗಳಿಗೆ ಬೀಗ ಹಾಕಿ, ತೆಗೆಯಲು ಹಣ ಕೇಳುವ ವೈರಸ್ ಇದು. ಮೆಷಿನ್ನನ್ನು ನೆಟ್‌ವರ್ಕಿನಿಂದ ಬಿಡಿಸಿ. ಲಾಕ್ ಆದ ಫೈಲುಗಳನ್ನು ಅಳಿಸಬೇಡಿ, ಅದರ ಇಮೇಜೂ ತೆಗೆದಿಡಿ. ಯುರೋಪೋಲ್ ಮತ್ತು ಡಚ್ ಪೊಲೀಸರು ಸೆಕ್ಯುರಿಟಿ ಕಂಪನಿಗಳ ಜೊತೆ 2016ರಲ್ಲಿ ಶುರು ಮಾಡಿದ ನೋ ಮೋರ್ ರ್‍ಯಾನ್ಸಮ್ ತಾಣದಲ್ಲಿ ಹಲವು ಬಗೆಯ ಲಾಕ್‌ಗಳಿಗೆ ಉಚಿತ ಕೀ ಸಿಗುತ್ತದೆ. ಇವತ್ತು ಇಲ್ಲದ ಕೀ ಮುಂದೆ ಬರಬಹುದು. ಭಾರತದಲ್ಲಿ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ದಾಳಿಯನ್ನು ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹೊಸ ಸರ್ವರ್ ಕಟ್ಟುವಾಗ

ಹುಡುಕಾಟ ನಡೆಯುತ್ತಿರುವಾಗಲೇ ಡೊಮೇನಿಗೆ ಒಂದು ಸಣ್ಣ ಸರ್ವರ್ ಸೇರಿಸಿ, 'ಸೈಟ್ ಕೆಟ್ಟಿದೆ, ಸರಿಪಡಿಸುತ್ತಿದ್ದೇವೆ' ಎಂಬ ಪುಟ ಹಾಕಿ. ಆ ಪುಟ 'ಸದ್ಯಕ್ಕೆ ಸಿಗುವುದಿಲ್ಲ' ಎಂಬ 503 ಸಂಕೇತ ಕೊಡಬೇಕು. 404 ಕೊಟ್ಟರೆ ಪುಟಗಳೇ ಇಲ್ಲ ಎಂದು ಸರ್ಚ್ ಎಂಜಿನ್‌ಗಳು ಪಟ್ಟಿಯಿಂದ ತೆಗೆಯುತ್ತವೆ. 503 ಕೂಡ ಒಂದೆರಡು ದಿನಕ್ಕೆ ಮಾತ್ರ. ಅಷ್ಟರಲ್ಲಿ ಜಾಸ್ತಿ ಓದುವ ಪುಟಗಳನ್ನಾದರೂ ಹಳೆಯ ವಿಳಾಸದಲ್ಲೇ ನಿಲ್ಲಿಸಿ.

ಬಳಕೆದಾರರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗಿನದು ಸಿಕ್ಕಿಲ್ಲ, ಯಾರು ಪಾಸ್‌ವರ್ಡ್ ಹೊಸದಾಗಿ ಮಾಡಬೇಕು, ಯಾವ ಆರ್ಡರ್ ಮತ್ತೆ ತಿಳಿಸಬೇಕು. ಆರ್ಕೈವ್‌ನಿಂದ ತಂದ ಲೇಖನದ ಕೆಳಗೆ ಹಾಗೆಂದು ಒಂದು ಸಾಲು ಹಾಕಿ, ತಪ್ಪು ಕಂಡವರು ತಿಳಿಸುತ್ತಾರೆ. ಹೊಸ ಆರ್ಡರ್ ನಂಬರುಗಳನ್ನು ಹಳೆಯದಕ್ಕಿಂತ ಬಹಳ ಮುಂದಿನಿಂದ ಶುರು ಮಾಡಿ. ಆಮೇಲೆ ಸಿಗುವ ಹಳೆಯ ಆರ್ಡರುಗಳನ್ನು ಸೇರಿಸಲು ಜಾಗ ಇರುತ್ತದೆ.

ಹೊಸ ಸರ್ವರಿನ ಮೊದಲ ರಾತ್ರಿಯೇ ಡಂಪ್ ತೆಗೆದು ಬೇರೆ ಕಂಪನಿಯ, ಬೇರೆ ಊರಿನ ಸ್ಟೋರೇಜಿಗೆ ಕಳಿಸಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟಾಗ ಬ್ಯಾಕಪ್ಪೂ ಅದೇ ಆವರಣದಲ್ಲಿದ್ದವರಿಗೆ ಎರಡೂ ಹೋದವು. ಬ್ಯಾಕಪ್ ಕಳಿಸುವ ಸರ್ವರಿಗೆ ಹಳೆಯ ಬ್ಯಾಕಪ್ ಅಳಿಸುವ ಅನುಮತಿ ಕೊಡಬೇಡಿ. ಒಳಗೆ ನುಗ್ಗಿದವರು ಮೊದಲು ಕೈಹಾಕುವುದೇ ಅಲ್ಲಿಗೆ. ತಿಂಗಳಿಗೊಮ್ಮೆ ಒಂದು ಖಾಲಿ ಮೆಷಿನ್ನಿನಲ್ಲಿ ಬ್ಯಾಕಪ್ ತೆರೆದು, ನಿನ್ನೆ ಬರೆದ ಒಂದು ಕನ್ನಡ ಲೇಖನ ಸರಿಯಾಗಿ ಕಾಣುತ್ತಿದೆಯಾ ನೋಡಿ, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ.

ಹಳೆಯ ಡಿಸ್ಕ್ ಮತ್ತು ಅದರ ಇಮೇಜ್ ಎಸೆಯಬೇಡಿ. ತಾರೀಕು ಬರೆದು ಒಂದು ವರ್ಷವಾದರೂ ಇಟ್ಟುಕೊಳ್ಳಿ. ಯಾವುದೋ ಟೇಬಲ್ ಬೇಕು ಎಂದು ಗೊತ್ತಾಗುವುದು ಎಷ್ಟೋ ಸಲ ಮಾರ್ಚ್ ಕೊನೆಗೆ, ಆಡಿಟರ್ ಕೇಳಿದಾಗ.